ಪಿಂಗಾಣಿಯ ಮೇಲಣ ಹೊನ್ನ ಹೂವು

ಜಪಾನಿನ ಹಳೆಯ ಪಿಂಗಾಣಿ ಬಟ್ಟಲೊಂದನ್ನು ಕೈಗೆತ್ತಿಕೊಂಡರೆ ಕಣ್ಣು ಮೊದಲು ನಿಲ್ಲುವುದು ಅದರ ಹೊನ್ನಿನ ಮೇಲೆ. ಸೇವಂತಿಗೆಯ ಎಸಳಿಗೆ ಹೊನ್ನಿನ ಅಂಚು, ಬಳ್ಳಿಗೆ ಹೊನ್ನಿನ ಎಳೆ, ಬಾಯಿಯ ಸುತ್ತ ಹೊನ್ನಿನ ಕಟ್ಟು. ಮೊದಲು ಕಾಣುವ ಈ ಹೊನ್ನು ಬಟ್ಟಲಿಗೆ ಬಂದು ಸೇರುವುದಾದರೋ ಎಲ್ಲಕ್ಕಿಂತ ಕೊನೆಗೆ. ಈ ಮಾತು ಆ ಕಲೆಯ ತಂತ್ರಕ್ಕೆ ಸಲ್ಲುವಂತೆ ಅದರ ಇತಿಹಾಸಕ್ಕೂ ಸಲ್ಲುತ್ತದೆ.

ಬಣ್ಣಗಳೆಲ್ಲವೂ ಒಂದೇ ಬೆಂಕಿಯನ್ನು ತಾಳಲಾರವು. ಕೋಬಾಲ್ಟಿನ ನೀಲಿ ಗಟ್ಟಿ ಜೀವ. ಅದರಿಂದ ಚಿತ್ರ ಬರೆದು, ಮೇಲೆ ಗಾಜಿನ ಮೆರುಗು ಹೊದಿಸಿ, ಸುಮಾರು 1300 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಟ್ಟರೂ ಅದು ಉಳಿಯುತ್ತದೆ. ಕೆಂಪು, ಹಸಿರು, ಹಳದಿಗಳನ್ನು ಆ ಮೆರುಗಿನ ಮೇಲೆ ಬರೆದು, ಸುಮಾರು 800 ಡಿಗ್ರಿಯಲ್ಲಿ ಮತ್ತೊಮ್ಮೆ ಸುಡಬೇಕು. ಹೊನ್ನು ಇನ್ನೂ ಸುಕುಮಾರವಾದದ್ದು. ಅದಕ್ಕೆ ಮತ್ತಷ್ಟು ಮೆಲ್ಲನೆಯ ಬೆಂಕಿ ಬೇಕು. ಹೊನ್ನಿನ ಪುಡಿಯಿಂದ ಬರೆದ ಗೆರೆ ಆವಿಗೆಯಿಂದ ಮಂಕಾಗಿಯೇ ಹೊರಬರುತ್ತದೆ. ತಾಳ್ಮೆಯಿಂದ ಉಜ್ಜಿದಾಗಲೇ ಅದಕ್ಕೆ ಹೊಳಪು. ಮೆರುಗಿನ ಮೇಲೆ ಕುಳಿತಿರುವುದರಿಂದ, ದಿನಬಳಕೆಯಲ್ಲಿ ಮೊದಲು ಸವೆಯುವುದೂ ಅದೇ.

ಇನ್ನು ಇತಿಹಾಸಕ್ಕೆ ಬರೋಣ. 1592ರಿಂದ 1598ರವರೆಗೆ ಹಿದೆಯೋಶಿಯ ಸೇನೆಗಳು ಕೊರಿಯಾದ ಮೇಲೆ ದಂಡೆತ್ತಿ ಹೋದವು. ಹಿಂದಿರುಗಿದ ಸಾಮಂತರು ಅಲ್ಲಿನ ಕುಂಬಾರರನ್ನು ತಮ್ಮೊಡನೆ ಕರೆತಂದರು. ಸೆರೆಹಿಡಿದು ತಂದರು ಎಂದರೆ ಹೆಚ್ಚು ಸರಿಯಾದೀತು. ಅಂಥವರಲ್ಲೊಬ್ಬನಾದ ಯಿ ಸಾಮ್‌ಪ್ಯೊಂಗ್ ಕ್ಯೂಶೂ ದ್ವೀಪದ ಅರಿತಾ ಎಂಬಲ್ಲಿ ಪಿಂಗಾಣಿಗೆ ತಕ್ಕ ಬಿಳಿಯ ಕಲ್ಲನ್ನು ಕಂಡುಹಿಡಿದನೆಂದು, ಅದು 1616ರ ಸುಮಾರಿನಲ್ಲೆಂದು ಪರಂಪರೆ ಹೇಳುತ್ತದೆ. 1640ರ ದಶಕದಲ್ಲಿ ಮೆರುಗಿನ ಮೇಲೆ ಬಣ್ಣ ಬರೆಯುವ ವಿದ್ಯೆ ಅಲ್ಲಿ ಕೈಗೂಡಿತು. ಅದರ ಕೀರ್ತಿ ಸಕಾಯಿದಾ ಕಾಕಿಯೆಮೊನ್‌ಗೆ ಸಂದಿದೆ.

ಅದೇ ಕಾಲಕ್ಕೆ, 1644ರಲ್ಲಿ, ಚೀನಾದ ಮಿಂಗ್ ಅರಸೊತ್ತಿಗೆ ಕುಸಿಯಿತು. ಚೀನೀ ಪಿಂಗಾಣಿಯ ರಫ್ತು ಕೆಟ್ಟಿತು. ಡಚ್ ಈಸ್ಟ್ ಇಂಡಿಯಾ ಕಂಪನಿಯವರು ಅರಿತಾದ ಕಡೆ ತಿರುಗಿದರು. 1659ರಲ್ಲಿ ಐವತ್ತು ಸಾವಿರಕ್ಕೂ ಮಿಕ್ಕಿ ಪಾತ್ರೆಗಳಿಗೆ ಬೇಡಿಕೆಯಿಟ್ಟರು. ಯೂರೋಪಿನ ಅರಮನೆಗಳ ಅಭಿರುಚಿಗೆ ಹೊಂದಿ, ಆ ಶತಮಾನದ ಕೊನೆಯ ಹೊತ್ತಿಗೆ ನೀಲಿ, ಕೆಂಪು, ಹೊನ್ನು ಮೂರೂ ಕೂಡಿದ ಜರತಾರಿಯಂಥ ಶೈಲಿ ಮೆರೆಯಿತು. ಪಾತ್ರೆಗಳು ಹಡಗೇರುತ್ತಿದ್ದುದು ಇಮಾರಿ ಬಂದರಿನಲ್ಲಿ. ಆದ್ದರಿಂದ ಲೋಕದ ಬಾಯಲ್ಲಿ ಅದು ಇಮಾರಿ ಪಿಂಗಾಣಿಯಾಯಿತು. ದುಡಿದ ಊರಿಗಲ್ಲ, ಸಾಗಿಸಿದ ಊರಿಗೆ ಹೆಸರು ಬಂದಿತು.

ಎರಡು ಶತಮಾನಗಳ ತರುವಾಯ ಇದೇ ಕಥೆ ಇನ್ನೊಂದು ರೂಪದಲ್ಲಿ ಮರುಕಳಿಸಿತು. ಅಮೆರಿಕದ 1890ರ ಸುಂಕದ ಕಾಯಿದೆಯಂತೆ ಹೊರದೇಶದ ಸರಕುಗಳ ಮೇಲೆ ಹುಟ್ಟಿದ ದೇಶದ ಹೆಸರು ಇರಲೇಬೇಕಾಯಿತು. ನಗೋಯಾ ಮೊದಲಾದೆಡೆ ಗುಲಾಬಿ ಗೊಂಚಲುಗಳನ್ನು ಬರೆದು, ಉಬ್ಬು ಚುಕ್ಕೆಗಳಿಗೆ ಹೊನ್ನು ಲೇಪಿಸಿದ ಹೂದಾನಿಗಳು 'ನಿಪ್ಪಾನ್' ಎಂಬ ಮುದ್ರೆ ಹೊತ್ತು ಕಡಲು ದಾಟಿದವು. 1921ರಲ್ಲಿ ಅದೇ ಸರ್ಕಾರ, ಆ ಪದ ಜಪಾನೀ ಭಾಷೆಯದು, 'ಜಪಾನ್' ಎಂದೇ ಬರೆಯಬೇಕೆಂದು ವಿಧಿಸಿತು. ಹೂದಾನಿಯ ತಳದಲ್ಲಿ ಉಳಿದದ್ದು ಸುಂಕದ ಕಟ್ಟೆಯವರಿಗೆ ಬೇಕಾದ ಹೆಸರು. ಕುಂಚ ಹಿಡಿದ ಅಸಂಖ್ಯ ಕೈಗಳ ಹೆಸರು ಬಹುಪಾಲು ಎಲ್ಲಿಯೂ ಉಳಿಯಲಿಲ್ಲ.

ಕಾಕಿಯೆಮೊನ್ ಮನೆತನದ ಹೆಸರು ಹದಿನೈದನೆಯ ತಲೆಮಾರಿನವರೆಗೂ ನಡೆದುಬಂದಿದೆ. ಸೆರೆಯಾಳಾಗಿ ಬಂದ ಕೊರಿಯಾದ ಕುಂಬಾರನಿಗಾಗಿ ಅರಿತಾದ ಗುಡ್ಡದ ಮೇಲೆ ಸ್ಮಾರಕವೆದ್ದುದು 1917ರಲ್ಲಿ, ಬಿಳಿಯ ಕಲ್ಲು ದೊರೆತು ಮುನ್ನೂರು ವರ್ಷಗಳಾದ ಮೇಲೆ. ಅವನಂತೆ ಕಡಲು ದಾಟಿದ ಉಳಿದವರಲ್ಲಿ ಬಹುಪಾಲು ಮಂದಿಗೆ ಆ ಭಾಗ್ಯವೂ ದೊರೆಯಲಿಲ್ಲ. ಹೊನ್ನು ಸವೆದ ಹಳೆಯ ಬಟ್ಟಲಿನಲ್ಲಿ, ಬೆಳಕಿಗೆ ಓರೆಯಾಗಿ ಹಿಡಿದರೆ, ಹೂವಿದ್ದ ಜಾಗದ ಗುರುತು ಮಾತ್ರ ಮಸುಕಾಗಿ ಕಾಣುತ್ತದೆ. ಅವರ ನೆನಪಿಗೆ ಉಳಿದಿರುವುದು ಅಷ್ಟೇ.