ಗಡಿಯಾಚೆಗೂ ನಡೆಯುವ ದಡಾರ: ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯಲ್ಲಿ ಲಸಿಕೆಯ ಲೆಕ್ಕ

1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯು ಬೀದರ್ ಜಿಲ್ಲೆಯ ನಾರಾಯಣಖೇಡ ತಾಲ್ಲೂಕನ್ನೂ, ನಿರ್ಣಾ ವೃತ್ತವೊಂದನ್ನು ಬಿಟ್ಟು ಇಡೀ ಜಹೀರಾಬಾದ್ ತಾಲ್ಲೂಕನ್ನೂ ಮೆದಕ್‌ಗೆ ಸೇರಿಸಿತು. ಕಲಬುರಗಿಯ ತಾಂಡೂರು ಕೊಡಂಗಲ್‌ನೊಂದಿಗೆ ಆಂಧ್ರಪ್ರದೇಶದ ಪಾಲಾಯಿತು. ಇಂದು ಮೊದಲಿನ ಎರಡು ಊರುಗಳು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. ಕಚೇರಿಯ ಕಾಗದ ತೆಲುಗಿಗೆ ತಿರುಗಿತು, ಸಂಬಂಧಗಳು ತಿರುಗಲಿಲ್ಲ. ಹೆಣ್ಣು ಕೊಟ್ಟು ತರುವುದು, ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗುವುದು, ಕಾಯಿಲೆ ಬಲವಾದರೆ ಬೀದರಿನ ದವಾಖಾನೆಗೆ ಓಡುವುದು ಹಳೆಯ ದಾರಿಯಲ್ಲೇ ನಡೆದಿದೆ. ದಡಾರದ ವೈರಾಣು ಹಿಡಿಯುವುದೂ ಇದೇ ದಾರಿಯನ್ನು. ಮಕ್ಕಳ ದಡಾರ ಸಾವುಗಳನ್ನು ತಗ್ಗಿಸುವ ಯೋಜನೆ ರಾಜ್ಯದ ಗಡಿಯ ಬದಲು ಜನರ ಓಡಾಟವನ್ನು ಅನುಸರಿಸಬೇಕೆಂಬುದು ಈ ಲೇಖನದ ವಾದ.

ದಡಾರದ ಲಸಿಕೆ 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದೊಳಗೆ ಬಂತು. ಒಂಬತ್ತು ತಿಂಗಳು ತುಂಬಿದ ಮೇಲೆ ಒಂದೇ ಡೋಸು. ಇಪ್ಪತ್ತು ವರ್ಷದ ನಂತರವೂ, 2005ರಲ್ಲಿ, ಐದು ವರ್ಷದೊಳಗಿನ ಸುಮಾರು 92,000 ಮಕ್ಕಳು ದೇಶದಲ್ಲಿ ದಡಾರದಿಂದ ಸತ್ತರೆಂದು 'ಹತ್ತು ಲಕ್ಷ ಸಾವುಗಳ ಅಧ್ಯಯನ' ಅಂದಾಜು ಮಾಡಿತು. ಸತ್ತವರಲ್ಲಿ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳು ಹೆಚ್ಚು. 2010ರಿಂದ 2013ರವರೆಗೆ, ಲಸಿಕೆ ಪಡೆದ ಮಕ್ಕಳ ಪ್ರಮಾಣ ಶೇ 80ಕ್ಕಿಂತ ಕಡಿಮೆಯಿದ್ದ 14 ರಾಜ್ಯಗಳಲ್ಲಿ ಎರಡನೆಯ ಡೋಸಿಗಾಗಿ ವಿಶೇಷ ಅಭಿಯಾನ ನಡೆದು ಸುಮಾರು 11.9 ಕೋಟಿ ಮಕ್ಕಳಿಗೆ ಚುಚ್ಚುಮದ್ದು ಬಿತ್ತು. ಅದರಿಂದ 41,000ರಿಂದ 56,000 ಮಕ್ಕಳ ಜೀವ ಉಳಿಯಿತೆಂದು 2019ರಲ್ಲಿ ಪ್ರಕಟವಾದ ವಿಶ್ಲೇಷಣೆ ಹೇಳುತ್ತದೆ. ಹೆಣ್ಣುಮಕ್ಕಳ ಸಾವು ಇನ್ನೂ ಹೆಚ್ಚು ಇಳಿಯಿತು. ಮನೆ ಬಾಗಿಲಿಗೇ ಸೂಜಿ ಬಂದಾಗ ಮಗಳನ್ನು ಹಿಂದೆ ಬಿಡುವ ರೂಢಿಗೆ ಎಡೆ ಕಡಿಮೆಯಾಗುತ್ತದೆ ಎಂಬುದು ನನ್ನ ಊಹೆ.

ಆ 14ರಲ್ಲಿ ಅವಿಭಜಿತ ಆಂಧ್ರವೂ ಇರಲಿಲ್ಲ, ಕರ್ನಾಟಕವೂ ಇರಲಿಲ್ಲ. ಎರಡೂ ಶೇ 80ರ ಗೆರೆ ದಾಟಿದ್ದವು. ಹೀಗಾಗಿ ಅಲ್ಲಿ ಎರಡನೆಯ ಡೋಸನ್ನು ವಾಡಿಕೆಯ ಲಸಿಕಾ ದಿನಗಳಲ್ಲೇ ಕೊಟ್ಟರೆ ಸಾಕೆಂದು ತೀರ್ಮಾನವಾಯಿತು. ರಾಜ್ಯದ ಸರಾಸರಿಗೆ ಇರುವ ದೋಷವೇ ಇದು: ಹೈದರಾಬಾದಿನ ಕಾಲೊನಿಯೂ ನಾರಾಯಣಖೇಡದ ತಾಂಡಾವೂ ಅದರಲ್ಲಿ ಕೂಡಿ ಒಂದಾಗುತ್ತವೆ.

ಸರಾಸರಿ ಒಳ್ಳೆಯದಿದ್ದರೂ ದಡಾರ ಸಿಡಿಯುವುದೇಕೆಂಬುದಕ್ಕೆ ಸರಳ ಗಣಿತ ಸಾಕು. ಒಂಬತ್ತನೆಯ ತಿಂಗಳಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳು ಇನ್ನೂ ಉಳಿದಿರಬಹುದಾದ್ದರಿಂದ ಆಗ ಹಾಕಿದ ಲಸಿಕೆ ಸುಮಾರು ಶೇ 85ರಷ್ಟು ಮಕ್ಕಳಲ್ಲಿ ಮಾತ್ರ ಹಿಡಿಯುತ್ತದೆ. ವರ್ಷಕ್ಕೆ 1,000 ಮಕ್ಕಳು ಹುಟ್ಟುವ ಕಡೆ 900 ಮಕ್ಕಳಿಗೆ ಒಂದು ಡೋಸು ಸಿಕ್ಕಿತೆನ್ನೋಣ. ರಕ್ಷಣೆ ಪಡೆದವರು 765, ಉಳಿದವರು 235. ನಾಲ್ಕು ವರ್ಷ ಸೋಂಕು ಕಾಣದಿದ್ದರೆ ಆ ಉಳಿಕೆ 940ಕ್ಕೆ ಏರುತ್ತದೆ, ಅಂದರೆ ಹೆಚ್ಚುಕಡಿಮೆ ಒಂದಿಡೀ ವರ್ಷದ ಮಕ್ಕಳು. ರಕ್ಷಣೆಯಿಲ್ಲದವರ ನಡುವೆ ಒಬ್ಬ ರೋಗಿ 12ರಿಂದ 18 ಮಂದಿಗೆ ದಡಾರ ಹರಡಬಲ್ಲ. ಶೇ 95ರಷ್ಟು ಮಕ್ಕಳಿಗೆ ಎರಡೂ ಡೋಸು ಸಿಗಬೇಕೆಂಬ ನಿಯಮ ಈ ಲೆಕ್ಕದಿಂದಲೇ ಹುಟ್ಟಿದ್ದು.

2017ರಲ್ಲಿ ದಡಾರ-ರುಬೆಲ್ಲಾ ಅಭಿಯಾನ ಬಂದಾಗ ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಎಲ್ಲರೂ ಅದರ ವ್ಯಾಪ್ತಿಗೆ ಬಂದರು. ಕರ್ನಾಟಕದಲ್ಲಿ ಅದು ಶುರುವಾದದ್ದು ಫೆಬ್ರವರಿಯಲ್ಲಿ, ತೆಲಂಗಾಣದಲ್ಲಿ ಆಗಸ್ಟ್‌ನಲ್ಲಿ. ಜಹೀರಾಬಾದಿಗೆ ಬೀದರ್ ಮೂವತ್ತು ಕಿಲೋಮೀಟರ್ ಆಸುಪಾಸು, ಹೈದರಾಬಾದ್ ನೂರು. ಕೂಗಳತೆಯ ಎರಡು ಊರುಗಳ ಮಕ್ಕಳಿಗೆ ಆರು ತಿಂಗಳ ಅಂತರದಲ್ಲಿ ಸೂಜಿ ಬಿತ್ತು. ವಾರದ ದಿನಗಳೂ ಬೇರೆ: ಕರ್ನಾಟಕದಲ್ಲಿ ಗುರುವಾರ, ತೆಲಂಗಾಣದಲ್ಲಿ ಬುಧವಾರ ಮತ್ತು ಶನಿವಾರ. ತವರಿನಲ್ಲಿರುವ ಬಾಣಂತಿ ಎರಡೂ ಕಡೆಯ ಯಾದಿಯಿಂದ ಜಾರಿಹೋಗುವುದಕ್ಕೆ ಇಷ್ಟು ಸಾಕು.

ಮೂರು ಊರುಗಳ ಕಥೆ ಒಂದೇ ಅಲ್ಲ. ಮುಂಬಯಿ ಹೆದ್ದಾರಿಯ ಮೇಲಿರುವ ಜಹೀರಾಬಾದಿಗೆ ಪುಣೆ-ಮುಂಬಯಿಯ ಸೋಂಕು ಒಂದು ರಾತ್ರಿಯ ಬಸ್ಸಿನಷ್ಟು ದೂರ. 2022ರಲ್ಲಿ ಮುಂಬಯಿಯ ಗೋವಂಡಿಯಲ್ಲೂ ಭಿವಂಡಿ, ಮಾಲೇಗಾಂವ್‌ಗಳಲ್ಲೂ ದಡಾರ ಎದ್ದದ್ದು ನೆನಪಿರಲಿ. ತಾಂಡೂರಿಗೆ ಕೂಲಿಕಾರರೇ ಬರುತ್ತಾರೆ, ಹಾಸುಗಲ್ಲಿನ ಗಣಿಗಳು ಕರೆಯುತ್ತವೆ. ನಾರಾಯಣಖೇಡ ಕೂಲಿಕಾರರನ್ನು ಕಳಿಸುವ ಸೀಮೆ. ದಸರೆ-ದೀಪಾವಳಿ ಕಳೆದೊಡನೆ ತಾಂಡಾಗಳ ಲಂಬಾಣಿ ಕುಟುಂಬಗಳು ಕೂಸುಕುನ್ನಿಯೊಂದಿಗೆ ಕಬ್ಬು ಕಡಿಯಲು ಹೊರಡುತ್ತವೆ, ಮರಳುವುದು ಮಾರ್ಚ್ ಹೊತ್ತಿಗೆ.

ಈ ಹಂಗಾಮನ್ನು ಲಸಿಕೆಯ ವೇಳಾಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು. ಮೊದಲ ಡೋಸಿಗೆ 9ರಿಂದ 12 ತಿಂಗಳು, ಎರಡನೆಯದಕ್ಕೆ 16ರಿಂದ 24 ತಿಂಗಳು. ಜುಲೈಯಲ್ಲಿ ಹುಟ್ಟಿದ ಕೂಸಿಗೆ ತೊಂದರೆಯಿಲ್ಲ, ಏಪ್ರಿಲ್‌ನಲ್ಲಿ ಒಂಬತ್ತು ತುಂಬುವಾಗ ಅದು ಊರಲ್ಲೇ ಇರುತ್ತದೆ. ಫೆಬ್ರವರಿಯಲ್ಲಿ ಹುಟ್ಟಿದ ಕೂಸಿಗೆ ಒಂಬತ್ತು ತುಂಬುವುದು ನವೆಂಬರಿನಲ್ಲಿ, ಹನ್ನೆರಡು ತುಂಬುವುದು ಮುಂದಿನ ಫೆಬ್ರವರಿಯಲ್ಲಿ. ಮೊದಲ ಡೋಸಿನ ಅವಧಿಯೆಲ್ಲ ಕಬ್ಬಿನ ಗದ್ದೆಯಲ್ಲೇ ಕಳೆಯುತ್ತದೆ. ತಾಯಿಯ ಪ್ರತಿಕಾಯ ಕರಗಿ, ಸೂಜಿಯೂ ಸಿಗದೆ, ಒಂದೇ ಗುಡಿಸಲಿನಲ್ಲಿ ಆರೇಳು ಜನರೊಂದಿಗೆ ಮಲಗುವ ಕಾಲವದು. ಒಂದೇ ಸೂರಿನಡಿ ಮೊದಲ ರೋಗಿಯಿಂದ ಸೋಂಕು ತಗುಲಿದ ಮಕ್ಕಳೇ ಹೆಚ್ಚು ಸಾಯುತ್ತಾರೆಂದು ಸಂಶೋಧಕ ಪೀಟರ್ ಆಬಿ ಗಿನಿ-ಬಿಸಾವುನಲ್ಲಿ ತೋರಿಸಿಕೊಟ್ಟರು. ಕೊಲ್ಲುವುದು ಮೈಮೇಲಿನ ಗುಳ್ಳೆಗಳಲ್ಲ, ಅವುಗಳ ಬೆನ್ನಿಗೆ ಬರುವ ನ್ಯುಮೋನಿಯಾ ಮತ್ತು ಭೇದಿ. 'ಅಮ್ಮ ಬಂದಾಳ' ಎಂದು ಬೇವಿನ ಎಲೆ ಹಾಸಿ ಮಲಗಿಸಿದ ಮನೆಯಲ್ಲಿ ಎದೆಯ ಗೊರಗೊರ ಶುರುವಾದಾಗಲಾದರೂ ದವಾಖಾನೆಗೆ ಹೊರಡಬೇಕು. ಗುಡಿಸಲಿಗೆ ಅದು ದೂರ.

2017ರ ಜೂನ್‌ನಲ್ಲಿ ಬಂದ ತೆಲಂಗಾಣದ ಕೆಸಿಆರ್ ಕಿಟ್ ಯೋಜನೆಯನ್ನು ಇಲ್ಲಿ ಪ್ರಸ್ತಾಪಿಸಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ತಾಯಿಗೆ ಗಂಡುಮಗುವಾದರೆ 12,000, ಹೆಣ್ಣಾದರೆ 13,000 ರೂಪಾಯಿ, ನಾಲ್ಕು ಕಂತುಗಳಲ್ಲಿ. ಕೊನೆಯ 3,000 ರೂಪಾಯಿಯನ್ನು ಒಂಬತ್ತನೆಯ ತಿಂಗಳ ಲಸಿಕೆಗೆ ಗಂಟುಹಾಕಲಾಗಿತ್ತು. ಹೆಣ್ಣುಮಗುವಿಗೆ ಸಾವಿರ ಹೆಚ್ಚಿಟ್ಟದ್ದೂ ಜಾಣತನವೇ. ಆದರೆ ಎರಡನೆಯ ಡೋಸಿನ ಹೊತ್ತಿಗೆ ಕೈಯಲ್ಲಿ ಕಂತು ಉಳಿದಿರಲಿಲ್ಲ, ಬೀದರಿನ ತವರಿನಲ್ಲಿ ಹೆತ್ತವಳಿಗೆ ಯೋಜನೆಯೇ ಅನ್ವಯಿಸುತ್ತಿರಲಿಲ್ಲ.

ಹಾಗಾದರೆ ಫೆಬ್ರವರಿಯ ಕೂಸಿಗೆ ಸೂಜಿ ಹಾಕುವವರು ಯಾರು? ಒಂದು ದಾರಿ, 2022ರ ಸೋಂಕಿನ ವೇಳೆ ಕೇಂದ್ರ ಸೂಚಿಸಿದಂತೆ, ಆರು ತಿಂಗಳು ದಾಟಿದ ಮಗುವಿಗೆ ಹೆಚ್ಚುವರಿ ಡೋಸು ಕೊಡುವುದು. ಅಂದು ಅದು ಸೋಂಕು ತೀವ್ರವಾಗಿದ್ದ ಪ್ರದೇಶಗಳಿಗಷ್ಟೇ ಸೀಮಿತವಾಗಿತ್ತು. ವಲಸೆ ತಾಂಡಾಗಳಲ್ಲಿ ದಸರೆಗೆ ಮುಂಚೆ ಅದನ್ನೇ ಮಾಡಬಹುದು, ವಾಡಿಕೆಯ ಎರಡು ಡೋಸು ಮುಂದೆ ಇದ್ದೇ ಇರುತ್ತವೆ. ಇನ್ನೊಂದು ದಾರಿ ಕಬ್ಬಿನ ಗದ್ದೆಯ ಪಕ್ಕದಲ್ಲೇ ಲಸಿಕಾ ದಿನ ನಡೆಸುವುದು. ಆದರೆ ಕಲಸಿದ ಲಸಿಕೆ ನಾಲ್ಕು ತಾಸಿನೊಳಗೆ ಮುಗಿಯಬೇಕಾದ್ದರಿಂದ, ನಾಲ್ಕೇ ಮಕ್ಕಳಿಗೆಂದು ಸೀಸೆ ಒಡೆಯಲು ಆರೋಗ್ಯ ಸಹಾಯಕಿ ಹಿಂದೆಗೆಯುತ್ತಾಳೆ. ಪೋಲಾದ ಡೋಸಿಗೆ ಲೆಕ್ಕ ಒಪ್ಪಿಸಬೇಕಾದವಳು ಅವಳೇ. ಜೊತೆಗೆ, ಬೀದರಿನಲ್ಲಿ ಸೂಜಿ ಹಾಕಿಸಿಕೊಂಡ ಮಗು ನಾರಾಯಣಖೇಡದ ಯಾದಿಯಲ್ಲಿ 'ಬಾಕಿ'ಯಾಗಿಯೇ ಉಳಿಯುತ್ತದೆ, ಏಕೆಂದರೆ ಎರಡೂ ಕಡೆಯ ದಾಖಲೆಗಳು ಪರಸ್ಪರ ಮಾತಾಡುವುದಿಲ್ಲ. 2023ರಲ್ಲಿ 65 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಶುರುವಾದ, ಲಸಿಕೆ ದಾಖಲಿಸುವ ಯು-ವಿನ್ ಡಿಜಿಟಲ್ ವ್ಯವಸ್ಥೆಗೆ ಈ ಬಾಕಿಯನ್ನು ಅಳಿಸುವ ಶಕ್ತಿಯಿದೆ. ಅದು ಕೆಲಸಕ್ಕೆ ಬರಬೇಕಾದರೆ ಕಬ್ಬಿನ ಟೋಳಿಯ ಮೇಸ್ತ್ರಿ ಬಳಿ ಇರುವ ಕುಟುಂಬಗಳ ಪಟ್ಟಿ, ಹಂಗಾಮಿನ ಮೊದಲ ವಾರದಲ್ಲೇ ಗಡಿಯ ಎರಡೂ ಬದಿಯ ಆರೋಗ್ಯ ಸಹಾಯಕಿಯರ ಕೈಸೇರಬೇಕು.