ಮೈಸೂರು–ಹೈದರಾಬಾದ್ ಸಂಸ್ಥಾನಗಳು: ಹೋಲಿಕೆ
1956ರ ಏಕೀಕರಣಕ್ಕೆ ಮುನ್ನ ಕನ್ನಡಿಗರನ್ನು ಆಳಿದ, ಒಂದಕ್ಕೊಂದು ತಾಳೆಯಾಗದ ಎರಡು ಆಡಳಿತಗಳು. ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ 1881ರಲ್ಲೇ ಸೇರಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡವು. ನಿಜಾಮರ ಕಲಬುರಗಿ, ಬೀದರ್, ರಾಯಚೂರಿನಲ್ಲಿ ಜಹಗೀರುಗಳ ಹಿಡಿತ. ಕಚೇರಿಯ ಭಾಷೆ ಉರ್ದು, ಕನ್ನಡ ಬಲ್ಲ ರೈತನಿಗೆ ತನ್ನದೇ ಹೊಲದ ಕಾಗದ ಓದಲಾಗದು. ಅರಸನೋ ಜಗತ್ತಿನ ಸಿರಿವಂತರಲ್ಲೊಬ್ಬ! ಸ್ವಾತಂತ್ರ್ಯವೂ ಅಲ್ಲಿಗೆ ತಡವಾಗಿ, 1948ರ ಸೆಪ್ಟೆಂಬರ್‌ನಲ್ಲಿ ಬಂತು. ಅಂತರ ಅಳಿಯಲಿಲ್ಲ: 2002ರಲ್ಲಿ ಪ್ರಾದೇಶಿಕ ಅಸಮತೋಲನದ ಅಧ್ಯಯನ ನಡೆಸಿದ ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ಈ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ದೊರೆತ ಮೇಲೂ ಬೆಂಗಳೂರಿನ ಮಹಾಲಕ್ಷ್ಮಿ ಲೇಔಟ್‌ನಂಥ ಬಡಾವಣೆಗಳಲ್ಲಿ ಮಹಡಿ ಏರಿಸಲು ಯಾದಗಿರಿ, ರಾಯಚೂರು ಕಡೆಯಿಂದ ಜನ ಗುಳೆ ಬರುತ್ತಲೇ ಇದ್ದಾರೆ.