ತರಕಾರಿ ಪಾಲು: ಬಿತ್ತನೆಗೆ ಮುನ್ನವೇ ಗ್ರಾಹಕರ ಹಣ

ಸಣ್ಣ ರೈತ ಕುಟುಂಬವೊಂದು ಬೆಳೆಯಲಿರುವ ತರಕಾರಿಯಲ್ಲಿ ಒಂದು ಪಾಲನ್ನು ಹಂಗಾಮಿನ ಆರಂಭದಲ್ಲಿಯೇ ಹಣ ಕೊಟ್ಟು ಕಾಯ್ದಿರಿಸಿಕೊಳ್ಳುವ ಪದ್ಧತಿಗೆ 'ತರಕಾರಿ ಪಾಲು' ಎನ್ನಬಹುದು. ಪ್ರತಿ ವಾರ ಹೊಲದಲ್ಲಿ ಕೊಯ್ಲಿಗೆ ಬಂದದ್ದು ಪಾಲುದಾರರಿಗೆ ಸಮನಾಗಿ ಹಂಚಿಕೆಯಾಗುತ್ತದೆ. ಇಳುವರಿ ಹೆಚ್ಚಿದರೆ ಬುಟ್ಟಿ ತುಂಬುತ್ತದೆ. ಮಳೆ ಕೈಕೊಟ್ಟರೆ ಬುಟ್ಟಿ ಹಗುರವಾಗುತ್ತದೆ. ಬೆಳೆನಷ್ಟದ ಹೊರೆ ರೈತನೊಬ್ಬನ ಮೇಲೆಯೇ ಬೀಳದಿರುವುದು ಇದರ ತಿರುಳು.

ಹಿನ್ನೆಲೆ

ಜಪಾನಿನಲ್ಲಿ 1970ರ ದಶಕದಲ್ಲಿ 'ತೇಕೆಯ್' ಹೆಸರಿನಲ್ಲಿ ಬೆಳೆಗಾರರು ಮತ್ತು ಬಳಕೆದಾರರ ನೇರ ಒಡಂಬಡಿಕೆ ಬೆಳೆಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳ ಎರಡು ತೋಟಗಳು 1986ರಲ್ಲಿ ಇಂಥದೇ ಕ್ರಮವನ್ನು ಆರಂಭಿಸಿದವು. ಕರ್ನಾಟಕದಲ್ಲಿ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್, ದಲ್ಲಾಳಿಗಳನ್ನು ದೂರವಿರಿಸಿ ರೈತರ ಫಸಲನ್ನು ನಗರಕ್ಕೆ ತಲುಪಿಸಿತು. ಆದರೆ ಅಲ್ಲಿ ಖರೀದಿ ನಡೆಯುವುದು ಕೊಯ್ಲಿನ ನಂತರ; ಪಾಲು ಪದ್ಧತಿಯಲ್ಲಿ ಬಿತ್ತನೆಗೆ ಮುನ್ನ.

ಕಾಫಿ ಸೀಮೆಯಲ್ಲಿ

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಸಾಗುವ ಹಾದಿಯಲ್ಲಿರುವ ಅತ್ತಿಗುಂಡಿಯಂಥ ಊರುಗಳಿಗೆ ಈ ಪದ್ಧತಿಯನ್ನು ಅನ್ವಯಿಸುವಾಗ ಕೆಲವು ಸಂಗತಿಗಳನ್ನು ಗಮನಿಸಬೇಕು. ಕಾಫಿ ಮರದ ನೆರಳನ್ನು ಬಯಸಿದರೆ, ಹೆಚ್ಚಿನ ತರಕಾರಿಗಳಿಗೆ ಬಿಸಿಲು ಬೇಕು. ಹೀಗಾಗಿ ಮನೆಯ ಹಿತ್ತಲು, ತೆರೆದ ದಿಣ್ಣೆ ಹಾಗೂ ಕಣಿವೆಯ ಗದ್ದೆಗಳಷ್ಟೇ ಇದಕ್ಕೆ ಒದಗುತ್ತವೆ. ಇಳಿಜಾರಿನಲ್ಲಿ ಬದು ಹಾಕದೆ ನೆಲ ಅಗೆದರೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಸೌತೆ, ಹೀರೆ, ಕೆಸು ಮುಖ್ಯ. ಚಳಿಗಾಲದಲ್ಲಿ ಹುರುಳಿಕಾಯಿ, ಮೂಲಂಗಿ, ಕೋಸು, ನವಿಲುಕೋಸು ಬರುತ್ತವೆ. ಆದರೆ ಅರೇಬಿಕಾ ಹಣ್ಣು ಕೊಯ್ಯುವ ಕಾಲವೂ ಅದೇ ಆದ್ದರಿಂದ ಆಳುಗಳ ಅಭಾವವಿರುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಸುರಿದ ಮಹಾಮಳೆಗೆ ಗುಡ್ಡಗಳು ಕುಸಿದು ತೋಟ, ಗದ್ದೆಗಳು ಮಣ್ಣುಪಾಲಾದವು. ಅಂಥ ವರ್ಷದಲ್ಲಿ ಪಾಲಿನ ಕರಾರಿಗೆ ನಿಜವಾದ ಪರೀಕ್ಷೆ.

ದೇಶದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಮಂದಿ 10 ಹೆಕ್ಟೇರ್‌ಗಿಂತ ಕಡಿಮೆ ಹಿಡುವಳಿಯವರು. ಕಾಫಿಯ ಹಣ ವರ್ಷಕ್ಕೊಮ್ಮೆ ಬರುವಂಥದ್ದು. ಅದರ ಬೆಲೆ ನಿರ್ಧಾರವಾಗುವುದು ಲಂಡನ್, ನ್ಯೂಯಾರ್ಕ್ ಮಾರುಕಟ್ಟೆಗಳಲ್ಲಿ. ಮಳೆಗಾಲದ ಬರಿಗೈ ತಿಂಗಳುಗಳಲ್ಲಿ ಮುಂಗಡ ದೊರೆತರೆ ಬೀಜ, ಗೊಬ್ಬರಕ್ಕೆ ಕೈಸಾಲ ಮಾಡುವುದು ತಪ್ಪುತ್ತದೆ.

ಲೆಕ್ಕಾಚಾರ

ಉದಾಹರಣೆಗೆ, 16 ವಾರಗಳ ಹಂಗಾಮಿಗೆ ಪಾಲೊಂದಕ್ಕೆ 4,000 ರೂಪಾಯಿ ನಿಗದಿಪಡಿಸಿದರೆ ವಾರಕ್ಕೆ 250 ರೂಪಾಯಿ ಬೀಳುತ್ತದೆ. 20 ಮನೆಗಳು ಸೇರಿದರೆ ರೈತನ ಕೈಗೆ 80,000 ರೂಪಾಯಿ ಮೊದಲೇ ಬರುತ್ತದೆ. ಸಾಗಣೆ ವೆಚ್ಚ ಇದರಲ್ಲಿ ಸೇರಿದೆಯೇ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳುವುದು ಒಳಿತು.

ಖರೀದಿಗೆ ಮುನ್ನ

* ಬೆಳೆ ಪೂರ್ಣ ನಾಶವಾದರೆ ಹಣ ಮರಳುವುದೇ, ಮುಂದಿನ ಹಂಗಾಮಿಗೆ ವರ್ಗವಾಗುವುದೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು.
* ಬುಟ್ಟಿಯ ಎಲ್ಲವೂ ಅದೇ ಹೊಲದ್ದೇ, ಸಂತೆಯಿಂದ ತಂದು ಸೇರಿಸಿದ್ದೇ ಎಂದು ಕೇಳಬೇಕು.
* 'ಸಾವಯವ' ಎಂಬ ಮಾತಿಗೆ ಪ್ರಮಾಣಪತ್ರವಿದೆಯೇ ಎಂದು ವಿಚಾರಿಸಬೇಕು. ಇಲ್ಲವಾದರೆ ಹೊಲಕ್ಕೇ ಹೋಗಿ ನೋಡುವುದು ಮೇಲು.
* ಊರಿಗೆ ಹೋಗುವ ವಾರಗಳಲ್ಲಿ ಪಾಲನ್ನು ನೆರೆಯವರಿಗೆ ಬಿಟ್ಟುಕೊಡಲು ಅವಕಾಶವಿರಬೇಕು.

ಬೇಕಾದ ತರಕಾರಿಯನ್ನೇ ಆರಿಸಿಕೊಳ್ಳುವವರಿಗೆ, ವರ್ಷವಿಡೀ ಟೊಮೆಟೊ ಬಯಸುವವರಿಗೆ ಈ ಪದ್ಧತಿ ಹೊಂದದು. ಹೊಲ ಕೊಟ್ಟದ್ದನ್ನು ಅಡುಗೆ ಮಾಡಿಕೊಳ್ಳಲು ಸಿದ್ಧವಿರುವ ಮನೆಗಳಿಗೆ ಇದು ತಕ್ಕುದು.